ಕೋಡಂಗಿಗೆ ಸಿಕ್ಕ ಉತ್ತರ

"ಏನಬೇ ಹಸರ ಸೀರಿಯಾಕಿ, ನಂಗ ನಿನ್ನ ಮಗಳ್ನ ಕೊಡ್ತಿಯೇನು?" ಬಳ್ಳಾರಿಯ ನಮ್ಮ ಶಿಕ್ಷಣ ಇಲಾಖೆ ಕಚೇರಿಯಲ್ಲಿ ತೊಗಲುಗೊಂಬೆಯ ಕೋಡಂಗಿ ಕ್ಯಾಮೆರಾ ಮುಂದೆ ಕುಣಿಯುತ್ತಾ ಕೇಳಿದಾಗ, ವಿಡಿಯೊ ಕಾನ್ಫರೆನ್ಸಿನ ಆಚೆ ಕುರುಗೋಡಿನಲ್ಲಿ ಕುಳಿತಿದ್ದ ತಾಯಂದಿರು ಗೊಳ್ಳೆಂದು ನಕ್ಕರು. ನನ್ನ ಪಕ್ಕದಲ್ಲಿದ್ದ ಸಾಹೇಬರು, "ಏನ್ರಿ ಇದು ಸರ್ಕಸ್ಸು, ಬಂದ್ ಮಾಡಸ್ರಿ" ಎಂದು ಗೊಣಗಿದರು.

ನನಗಂತೂ ಮೊದಲೇ ತಲೆ ಕೆಟ್ಟಿತ್ತು. ಗಣಿ ಕೆಲಸಕ್ಕೆಂದು ಶಾಲೆ ಬಿಟ್ಟ ಹುಡುಗಿಯರು ಯಾರ‍್ಯಾರೆಂದು ಹಿಂದಿನ ಸಭೆಗಳಲ್ಲಿ ಗಂಟಲು ಹರಿದುಕೊಂಡು ಕೇಳಿದರೂ, ಪರದೆಯಾಚೆ ಆಕಳಿಕೆ ಬಿಟ್ಟರೆ ಮಾತಿರಲಿಲ್ಲ. ಬೇಸತ್ತು ಸಿರುಗುಪ್ಪದಿಂದ ಗೊಂಬೆಯವರನ್ನು ಕರೆಸಿದ್ದೆ. ನಮ್ಮ ಕಡೆ ಆಟದಲ್ಲಿ ಕೋಡಂಗಿ ಕೆಣಕಿದರೆ ಕುಳಿತವರು ತಿರುಗಿ ಬೈಯಲೇಬೇಕು.

ಹಸಿರು ಸೀರೆಯಾಕೆಯೂ ಬೈದಳು: "ಹೋಗಲೇ ಮೂಳ, ನಿನ್ನ ಮೂತಿಗಿ ನನ್ನ ಮಗಳೇನು? ಏಳನೇ ಕ್ಲಾಸ್ ಓದ್ತಿದ್ದಾಕಿ ಆಕಿ. ಈಗ ಗಣ್ಯಾಗ ಅದಿರು ಆರಸ್ತಾಳ..." ಅಷ್ಟಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಲ್ಲಿ ನಗು ನಿಂತಿತು. ಇಲ್ಲಿ ಸಾಹೇಬರು, "ಆ ಹುಡುಗಿ ಹೆಸರು ಬರಕೊಳ್ರಿ" ಎಂದರು.

ಆ ಹುಡುಗಿ ಮತ್ತೆ ಶಾಲೆ ಸೇರಿದಳು. ನಮ್ಮ ಮನೆತನಕ್ಕೇ ಮೊದಲ ಡಿಗ್ರಿ ತಂದವಳು ನಾನು. ನನಗೆ ಕೊಡದ ಉತ್ತರವನ್ನು ಕೋಡಂಗಿಗೆ ಕೊಟ್ಟರಲ್ಲ ಎಂಬ ಉರಿ ಇನ್ನೂ ಆರಿಲ್ಲ. ಆದರೂ ಈಗ ಯಾವ ತಾಯಿಯನ್ನು ಏನೇ ಕೇಳುವುದಿದ್ದರೂ, ಮೊದಲು ಒಂದಿಷ್ಟು ಬೈಸಿಕೊಂಡೇ ಕೇಳುತ್ತೇನೆ.