ಟೈಪಿನಕ್ಕ ಬಯಲು ಉಳಿಸಿದ್ದು

ಕೋರ್ಟಿನ ಎದುರು ಸಾಲಿನಲ್ಲಿ, ಜೆರಾಕ್ಸ್ ಅಂಗಡಿಗೂ ಛತ್ರಿ ರಿಪೇರಿಯವನಿಗೂ ನಡುವೆ, ಒಂದು ಮೇಜು ಒಂದು ಕುರ್ಚಿ ಹಾಕಿಕೊಂಡು ಇಪ್ಪತ್ತೇಳು ವರ್ಷ ಟೈಪು ಕುಟ್ಟಿದವಳು ಅವಳು. ಬಡಾವಣೆಯವರಿಗೆಲ್ಲ ಟೈಪಿನಕ್ಕ. ಬೇರೆಯವರ ಜಗಳ, ಬೇರೆಯವರ ವಿಚ್ಛೇದನ, ಬೇರೆಯವರ ಆಸ್ತಿ ಪಾಲು, ಎಲ್ಲ ಅವಳ ಬೆರಳ ತುದಿಯಲ್ಲಿ ಹಾದು ಹೋಗಿತ್ತು. ತನ್ನದು ಅಂತ ಒಂದು ಅರ್ಜಿಯನ್ನೂ ಅವಳು ಹೊಡೆದಿರಲಿಲ್ಲ. ಅವಳ ಹಾಳೆಯಲ್ಲಿ ತಪ್ಪು ಹುಡುಕುವುದೂ ಒಂದೇ, ಮೊಟ್ಟೆಯಲ್ಲಿ ಕೂದಲು ಹುಡುಕುವುದೂ ಒಂದೇ. "ಆಯಮ್ಮ ಸೀನಿದ್ರೂ ಕಾರ್ಬನ್ ಇಟ್ಟು ಮೂರು ಪ್ರತಿ ತೆಗೀತಾಳೆ" ಎಂದು ಛತ್ರಿಯವನು ನಗಾಡುತ್ತಿದ್ದ.

ಅವಳಿಗೆ ಹದಿನಾರು ತುಂಬಿದಾಗ ತಾಯಿ ಹೋದಳು. ತಮ್ಮನಿಗೆ ಆಗ ಆರು. ತಂದೆ ಇದ್ದೂ ಇಲ್ಲದ ಮನುಷ್ಯ. ತಮ್ಮನ ಮೂಗು ಒರೆಸಿದ್ದು, ತಲೆ ಬಾಚಿದ್ದು, ಜ್ವರ ಬಂದರೆ ಒದ್ದೆ ಬಟ್ಟೆ ಹಾಕಿದ್ದು ಅವಳೇ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ತಮ್ಮನ ಕಡೆ ಬೊಟ್ಟು ಮಾಡಿ ಕಳಿಸಿದಳು. ತಮ್ಮ ಹತ್ತೊಂಬತ್ತಕ್ಕೆ ಕಾರ್ಖಾನೆಗೆ ಸೇರಿದ. ಏಳನೆಯ ತಿಂಗಳಲ್ಲಿ ಗೋದಾಮಿನ ಕಬ್ಬಿಣದ ಬಾಗಿಲು ಕಳಚಿ ಎಡಗಾಲಿನ ಮೇಲೆ ಬಿತ್ತು. ಕಾಲು ಉಳಿಯಿತು, ಮಂಡಿ ಉಳಿಯಲಿಲ್ಲ. ಅಂದಿನಿಂದ ಆ ಕಾಲು ಒನಕೆಯ ಹಾಗೆ ನೆಟ್ಟಗೆ.

"ಕಾಲು ಹೋದ್ರೆ ಹೋಗ್ಲಿ, ಕೈ ಇದಾವಲ್ಲ" ಎಂದು ಅವಳು ಅವನನ್ನು ಆಸ್ಪತ್ರೆಯಿಂದ ಎಬ್ಬಿಸಿಕೊಂಡು ಬಂದಳು. ಅವನು ಸೈಕಲ್ ರಿಪೇರಿ ಕಲಿತ. ಬಡಾವಣೆಯ ಹಿಂದೆ ಮೂರೆಕರೆ ಬಯಲಿತ್ತು. ಆಗ ಅದು ಒಡೆದ ಇಟ್ಟಿಗೆ, ಹರಿದ ಹಾಸಿಗೆ ಎಸೆಯುವ ತಿಪ್ಪೆ. ನಗರಸಭೆ ಅದನ್ನು ಬಡಾವಣೆ ಸಮಿತಿಯ ಉಸ್ತುವಾರಿಗೆ ಬಿಟ್ಟಿತ್ತು. ಆ ಕಾಲದ ಸಮಿತಿಯ ಅಧ್ಯಕ್ಷರು ಒಬ್ಬ ಮುದಿ ಮೇಷ್ಟ್ರು. ಟೈಪಿನಕ್ಕ ಅವರ ಮನೆಗೆ ನಾಲ್ಕು ಸಲ ನಡೆದು, ಬಯಲಿನ ಮೂಲೆಯಲ್ಲಿ ಹತ್ತಡಿ ಎಂಟಡಿಯ ತಗಡಿನ ಶೆಡ್ಡಿಗೆ ಒಪ್ಪಿಗೆ ಪತ್ರ ಬರೆಸಿಕೊಂಡಳು. "ಈತನು ಬದುಕಿರುವವರೆಗೆ, ಬಯಲನ್ನು ನೋಡಿಕೊಳ್ಳುವ ಷರತ್ತಿನ ಮೇಲೆ" ಎಂಬ ಸಾಲನ್ನು ಟೈಪು ಮಾಡಿದ್ದೂ ಅವಳೇ. ಮೇಷ್ಟ್ರು ಸಹಿ ಹಾಕಿ ಮೊಹರು ಒತ್ತಿದರು. ತಮ್ಮ ಅದನ್ನು ಓದಿ ಅವಳ ಕೈಗೇ ಕೊಟ್ಟ.

"ನನ್ನ ಹತ್ರ ಇದ್ರೆ ಗ್ರೀಸ್ ಹತ್ತುತ್ತೆ ಕಣಕ್ಕ. ನಿನ್ನ ಹತ್ರಾನೇ ಇರ್ಲಿ."

ಷರತ್ತನ್ನು ಅವನು ಮರೆಯಲಿಲ್ಲ. ಇಪ್ಪತ್ತೆರಡು ವರ್ಷ ಬಯಲನ್ನು ನೋಡಿಕೊಂಡ. ಟ್ಯೂಬು ಅದ್ದಿ ನೋಡುವ ತೊಟ್ಟಿಯ ನೀರನ್ನೂ ಚೆಲ್ಲದೆ ಗಿಡಕ್ಕೆ ಹೊತ್ತ. ಕಸ ಎಸೆಯಲು ಬಂದವರನ್ನು ಸ್ಪ್ಯಾನರು ಹಿಡಿದು ಓಡಿಸಿದ. ಅವನು ಒಂದೊಂದಾಗಿ ನೆಟ್ಟ ಅತ್ತಿ, ನೇರಳೆ, ಗಾಳಿ ಮರಗಳು ನೆರಳಾದವು. ಮಕ್ಕಳು ಆಡಿದವು, ಮುದುಕರು ನಡೆದರು. ಅವನೂ ಮದುವೆಯಾದ. ಹೆಂಡತಿ ಶೆಡ್ಡಿನ ಪಕ್ಕದಲ್ಲೇ ಕೂತು ಸೈಕಲ್ ಸೀಟಿನ ಕವರು ಹೊಲಿಯುತ್ತಿದ್ದಳು.

ಹೀಗಿರುವಾಗ ನಗರಸಭೆಯವರು ಆ ಬಯಲನ್ನು ಒಂದು ಕಂಪನಿಗೆ ಕೊಟ್ಟು, ಆರಂತಸ್ತಿನ ವಾಹನ ನಿಲ್ದಾಣ ಕಟ್ಟಿಸುವುದೆಂದು ತೀರ್ಮಾನಿಸಿದರು. ಒಂದು ಬೆಳಿಗ್ಗೆ ನೆಲ ಸಮ ಮಾಡುವ ಯಂತ್ರ ಬಂದೇ ಬಿಟ್ಟಿತು. ಬಡಾವಣೆಯ ದೊಡ್ಡವರೆಲ್ಲ ಕಿಟಕಿಯಲ್ಲಿ ನಿಂತು ಫೋನು ಮಾಡುತ್ತಿದ್ದರು. ತಮ್ಮ ಮಾತ್ರ ತನ್ನ ಸಲಕರಣೆ ಪೆಟ್ಟಿಗೆಯನ್ನು ಯಂತ್ರದ ಮುಂದೆ ಎಳೆದು, ಅದರ ಮೇಲೆ ಕೂತು, ಮಡಚದ ಕಾಲನ್ನು ಚಕ್ರಕ್ಕೆ ಅಡ್ಡ ಚಾಚಿದ.

"ಏಯ್, ಕಾಲು ತೆಗಿ!" ಎಂದು ಚಾಲಕ ಕೂಗಿದ.

"ಅದು ಮಡಚಕ್ಕೆ ಬರಲ್ಲ ಸಾರ್. ಒಂದ್ಸಲ ಆಗ್ಲೇ ಮುರಿದಿದೆ, ನೀವೂ ಒಂದ್ಸಲ ಹತ್ತಿಸಿ."

ಆ ಫೋಟೋ ಪತ್ರಿಕೆಯಲ್ಲಿ ಬಂತು. ಯಂತ್ರ ವಾಪಸು ಹೋಯಿತು. ಅಲ್ಲಿಂದ ಸತ್ತಂತಿದ್ದ ಸಮಿತಿಗೆ ಜೀವ ಬಂತು. ನಿವೃತ್ತ ಎಂಜಿನಿಯರೊಬ್ಬರು ಅಧ್ಯಕ್ಷರಾದರು. ಅರ್ಜಿ ಬರೆಯುವುದಕ್ಕೆ ಕಾನೂನಿನ ಭಾಷೆ ಗೊತ್ತಿರುವವರು ಬೇಕಲ್ಲ, ಟೈಪಿನಕ್ಕ ಕಾರ್ಯದರ್ಶಿಯಾದಳು.

ಅವಳ ಬದುಕು ತಿರುಗಿದ್ದು ಅಲ್ಲಿ. ಅಧ್ಯಕ್ಷರ ಮನೆಯ ಮುಂದಿನ ಕೋಣೆಯಲ್ಲಿ ಸಭೆ. ಅವಳು ಒಳಗೆ ಬಂದರೆ ಅಧ್ಯಕ್ಷರು ಎದ್ದು ಕುರ್ಚಿ ಎಳೆದು ಕೊಡುತ್ತಿದ್ದರು. ಸಮಿತಿಯಲ್ಲಿದ್ದ ಹಲ್ಲಿನ ಡಾಕ್ಟರಮ್ಮ ತಾನೇ ಚಹದ ಲೋಟ ಕೈಗಿಡುತ್ತಿದ್ದಳು. "ಕಾರ್ಯದರ್ಶಿಗಳೇ, ನೀವು ಹೇಳಿ" ಎಂದು ಹತ್ತು ಜನ ಓದಿದವರು ಅವಳ ಬಾಯಿ ನೋಡುತ್ತಿದ್ದರು. ಇಪ್ಪತ್ತೇಳು ವರ್ಷ "ಏನಮ್ಮ, ಆಯ್ತಾ? ಬೇಗ ಕುಟ್ಟು" ಎನ್ನಿಸಿಕೊಂಡ ಕಿವಿ ಅದು. ಹೊಸ ಕನ್ನಡಕ ಮಾಡಿಸಿಕೊಂಡಳು. ದಪ್ಪ ರಟ್ಟಿನ ಫೈಲು ಕೊಂಡಳು. ಶೆಡ್ಡಿನ ಮುಂದೆ ಹಾದುಹೋಗುವಾಗ ಮೊದಲಿನ ಹಾಗೆ ಸ್ಟೂಲೆಳೆದು ಕೂರುವುದು ಬಿಟ್ಟು, ನಿಂತೇ ಎರಡು ಮಾತಾಡಿ ಹೋಗತೊಡಗಿದಳು. ಸೀರೆಗೆ ಗ್ರೀಸ್ ಹತ್ತುತ್ತದೆ ಎಂಬುದು ಈಗ ಅವಳಿಗೂ ಹೊಳೆದಿತ್ತು.

ಸಮಿತಿ ಕೊಟ್ಟ ಅರ್ಜಿಯ ವಿಚಾರಣೆ ಒಂದು ವರ್ಷ ನಡೆಯಿತು. ಕೊನೆಗೆ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದ್ದಿಷ್ಟು: ಬಯಲನ್ನು ರಕ್ಷಿತ ಹಸಿರು ಜಾಗ ಎಂದು ಘೋಷಿಸಬಹುದು. ಆದರೆ ಅದರೊಳಗೆ ಯಾರದ್ದೇ ಖಾಸಗಿ ಒತ್ತುವರಿ ಇರಕೂಡದು. ಹದಿನೈದು ದಿನದೊಳಗೆ ಸಮಿತಿ ಹಾಗೆಂದು ಬರೆದುಕೊಡಬೇಕು. ಕಂಪನಿಯ ವಕೀಲ ಅಳತೆ ಮಾಡಿಸಿ ಎರಡು ಒತ್ತುವರಿ ತೋರಿಸಿದ್ದ. ಒಂದು ಸೈಕಲ್ ಶೆಡ್ಡು. ಇನ್ನೊಂದು ಅಧ್ಯಕ್ಷರ ಮನೆಯ ಹಿಂದಿನ ಗೋಡೆ ಮತ್ತು ಕಾರು ನಿಲ್ಲಿಸುವ ಮಾಡು. ಬಯಲಿನೊಳಕ್ಕೆ ಒಂಬತ್ತಡಿ.

ಅಂದಿನ ಸಭೆಯಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಗೋಡೆ ವಿಷಯ ಬಿಡಿ, ಅದು ಹಳೇ ನಕ್ಷೇಲಿ ಗೆರೆ ತಪ್ಪಿರೋದು. ತಿದ್ದುಪಡಿಗೆ ಒಂದು ಅರ್ಜಿ ಕೊಟ್ರೆ ಆಯ್ತು. ಶೆಡ್ಡು ಮಾತ್ರ..." ಎಂದು ನಿಲ್ಲಿಸಿ ಅವಳ ಕಡೆ ನೋಡಿದರು. "ಕಾರ್ಯದರ್ಶಿಗಳೇ, ನಿಮಗೆ ಕಷ್ಟ ಅಂತ ಗೊತ್ತು. ನಿಮ್ಮ ತಮ್ಮನ ಹತ್ರ ಏನಾದ್ರೂ ಕಾಗದ ಪತ್ರ ಇದೆಯಾ? ಇದ್ರೆ ಹೇಳಿ, ಯೋಚನೆ ಮಾಡೋಣ."

ಬೇಲಿಯೇ ಎದ್ದು ಹೊಲ ಮೇಯುವುದು ಅವಳಿಗೆ ಕಾಣದೆ ಇರಲಿಲ್ಲ. ಕಾಗದ ತೋರಿಸಿದರೆ ಮಾತು ಶೆಡ್ಡಿನಿಂದ ಗೋಡೆಗೆ ಹೋಗುತ್ತದೆ. ಗೋಡೆಗೆ ಹೋದರೆ ಈ ಕೋಣೆ, ಈ ಕುರ್ಚಿ, ಈ ಲೋಟ, ಎಲ್ಲ ಮುಗಿಯುತ್ತದೆ. ಮತ್ತೆ ಜೆರಾಕ್ಸ್ ಅಂಗಡಿಯ ಪಕ್ಕದ ಮೇಜು. ಹತ್ತು ಜನ ಅವಳ ಬಾಯಿ ನೋಡುತ್ತಿದ್ದರು.

"ಇಲ್ಲ" ಎಂದಳು. "ಬಾಯಿ ಮಾತಲ್ಲಿ ಹಾಕ್ಕೊಂಡಿದ್ದು."

"ನೀವು ದೊಡ್ಡವರು" ಎಂದಳು ಡಾಕ್ಟರಮ್ಮ, ಅವಳ ಭುಜ ಮುಟ್ಟಿ. ಆ ಮಾತು ಅವಳಿಗೆ ಹಿತವಾಯಿತು. ಅದು ಹಿತವಾಯಿತಲ್ಲ ಎಂಬುದೇ ಮನೆಗೆ ಬಂದ ಮೇಲೂ ಅವಳನ್ನು ಬಿಡಲಿಲ್ಲ.

ಎರಡೂ ಕಾಗದಗಳನ್ನು ಅವಳೇ ಟೈಪು ಮಾಡಿದಳು. ಅಧ್ಯಕ್ಷರ ನಕ್ಷೆ ತಿದ್ದುಪಡಿಯ ಅರ್ಜಿ ಒಂದೂವರೆ ಪುಟ. ತಮ್ಮನಿಗೆ ನೋಟೀಸು ಆರು ಸಾಲು. "ಅನಧಿಕೃತವಾಗಿ" ಎಂಬ ಪದ ಅದರಲ್ಲಿ ಎರಡು ಕಡೆ ಬಂದಿತ್ತು. ಒಂದು ಸಾಕೆನಿಸಿ ಇನ್ನೊಂದನ್ನು ತೆಗೆದು ಹೊಸ ಹಾಳೆ ಹಾಕಿದಳು. ತಮ್ಮನಿಗೆಂದು ಅವಳು ಮಾಡಿದ್ದು ಅಷ್ಟೇ.

ನೋಟೀಸು ಅಂಟಿಸಿದ ಮಾರನೆಯ ಬೆಳಿಗ್ಗೆ ತಮ್ಮ ಅವಳ ಮನೆಗೆ ಬಂದ. ಮೂರು ಮೆಟ್ಟಿಲನ್ನು ಕಾಲೆಳೆದು ಹತ್ತಿ, ಬಾಗಿಲ ಚೌಕಟ್ಟು ಹಿಡಿದು ನಿಂತ. ಮುಖದಲ್ಲಿ ಗಾಬರಿಯೇನೂ ಇರಲಿಲ್ಲ.

"ಯಾವನೋ ತಪ್ಪಾಗಿ ಅಂಟಿಸಿದಾನೆ ಅಕ್ಕ. ಮೇಷ್ಟ್ರು ಕೊಟ್ಟಿದ್ದ ಕಾಗದ ಇದೆಯಲ್ಲ, ಅದನ್ನ ಕೊಡು. ತೋರಿಸಿ ಬರ್ತೀನಿ."

"ಕೂತ್ಕೋ. ಹುಡುಕ್ತೀನಿ."

ಅವಳು ಬೀರು ತೆಗೆದಳು. ಸೀರೆಗಳನ್ನು ಒಂದೊಂದಾಗಿ ಎತ್ತಿ ಕೊಡವಿದಳು. ತಾಯಿಯ ಹಳೆಯ ಪೆಟ್ಟಿಗೆ ಎಳೆದು, ಅದರೊಳಗಿದ್ದ ಶಾಲೆಯ ಅಂಕಪಟ್ಟಿ, ಆಸ್ಪತ್ರೆಯ ಚೀಟಿ, ತಂದೆಯ ಮರಣ ಪ್ರಮಾಣಪತ್ರ ಎಲ್ಲ ನೆಲದ ಮೇಲೆ ಹರಡಿದಳು. ಹಾಸಿಗೆಯ ಕೆಳಗೂ ಕೈ ಹಾಕಿದಳು. ಕಾಗದ ಇದ್ದದ್ದು ಅವಳ ಕೈಚೀಲದಲ್ಲಿ. ಕೈಚೀಲ ಇದ್ದದ್ದು ತಮ್ಮ ಕೂತಿದ್ದ ಕುರ್ಚಿಯ ಬೆನ್ನಿಗೆ. ಇಪ್ಪತ್ತು ನಿಮಿಷ ಅವಳು ಹುಡುಕಿದಳು. ಕೊನೆಕೊನೆಗೆ ನಿಜವಾಗಿಯೂ ಬೆವರಿದಳು.

ಅದನ್ನು ನೋಡಿ ಅವನಿಗೇ ಮರುಕವಾಯಿತು. "ಹೋಗ್ಲಿ ಬಿಡಕ್ಕ, ಯಾಕಿಷ್ಟು ಒದ್ದಾಡ್ತೀಯ? ನೀನೇ ಸಮಿತೀಲಿ ಇದೀಯಲ್ಲ, ನನಗೆ ಕಾಗದ ಯಾಕೆ? ನೀನು ಒಂದು ಮಾತು ಹೇಳಿದ್ರೆ ಮುಗೀತು."

"ಹೇಳ್ತೀನಿ" ಎಂದಳು.

ಅವನು ನೆಲದ ಮೇಲಿದ್ದ ಕಾಗದಗಳನ್ನು ಬಗ್ಗಿ ಆರಿಸಿ, ಜೋಡಿಸಿ ಪೆಟ್ಟಿಗೆಗೆ ಹಾಕಿಕೊಟ್ಟು ಹೋದ.

ಹದಿಮೂರನೆಯ ದಿನ ಯಂತ್ರ ಬಂತು. ಅಧ್ಯಕ್ಷರು, ಡಾಕ್ಟರಮ್ಮ, ನಗರಸಭೆಯ ಇಬ್ಬರು ನೌಕರರು ಬಂದರು. ಒತ್ತುವರಿ ತೆರವಾಯಿತೆಂಬ ಹಾಳೆಗೆ ಅವನ ಸಹಿ ಬೇಕಿತ್ತು. ಅದನ್ನು ಮಾಡಿಸಬೇಕಾದವಳು ಕಾರ್ಯದರ್ಶಿ. ಮೇಷ್ಟ್ರ ಕಾಗದವನ್ನೂ ಅವಳು ಫೈಲಿನಲ್ಲಿಟ್ಟುಕೊಂಡು ಬಂದಿದ್ದಳು. ಹೊರಡುವ ಮುನ್ನ, ಸಮಯ ಬಂದರೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡಿದ್ದಳು. ಸಮಯ ಬರಲೆಂದು ಕಾಯುವವರಿಗೆ ಅದು ಯಾವತ್ತೂ ಬರುವುದಿಲ್ಲ. ಅವಳು ಬರುವಷ್ಟರಲ್ಲಿ ತಮ್ಮನ ಹೆಂಡತಿ ಟಯರು, ಪಂಪು, ಹೊಲಿಗೆ ಯಂತ್ರ ಎಲ್ಲ ಹೊರಗೆ ಹಾಕಿಯಾಗಿತ್ತು.

"ಅಕ್ಕಾ, ನೀವು ಹೇಳಿದ್ರಾ ಅವರಿಗೆ?" ಎಂದು ಆಕೆ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು. "ಹೇಳ್ತೀನಿ ಅಂದಿದ್ರಂತೆ."

"ಹೇಳ್ದೆ. ಕೇಳಲಿಲ್ಲ."

ಯಂತ್ರದ ಕೈ ತಗಡಿನ ಮಾಡಿಗೆ ತಗುಲಿ, ಹಲ್ಲು ಜುಮ್ಮೆನ್ನುವ ಸದ್ದಾಯಿತು. ಅವಳು ಸಹಿಯ ಹಾಳೆ ಹುಡುಕಲು ಫೈಲಿನ ದಾರ ಬಿಚ್ಚಿದಳು. ಫೈಲು ಜಾರಿತು, ಕಾಗದಗಳೆಲ್ಲ ಕೆಳಗೆ ಬಿದ್ದವು. ತಮ್ಮ ಅಭ್ಯಾಸಬಲದಿಂದ, ನೆಟ್ಟಗಿನ ಕಾಲನ್ನು ಪಕ್ಕಕ್ಕೆ ಚಾಚಿ, ಬಗ್ಗಿ ಆರಿಸತೊಡಗಿದ. ಮೂರನೆಯದೋ ನಾಲ್ಕನೆಯದೋ ಹಾಳೆಯಲ್ಲಿ ಅವನ ಕೈ ನಿಂತಿತು.

ಅವನು ಅದನ್ನು ಪೂರ್ತಿ ಓದಿದ. ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದ. ಹೆಬ್ಬೆರಳಿನ ಕಪ್ಪು ಅದಕ್ಕೆ ಹತ್ತಿತು. ಹಿಂದೆ ಅರ್ಧ ಮಾಡು ಇನ್ನೂ ನಿಂತಿತ್ತು. ನಗರಸಭೆಯವರ ಮುಂದೆ ಆ ಹಾಳೆ ಎತ್ತಿ ಹಿಡಿದಿದ್ದರೆ ಯಂತ್ರ ನಿಲ್ಲುತ್ತಿತ್ತು.

"ಏನದು?" ಎಂದು ಅಧ್ಯಕ್ಷರು ಕತ್ತು ಚಾಚಿದರು.

"ಏನಿಲ್ಲ ಸಾರ್. ಸಮಿತಿಯವರ ಕಾಗದ." ಅವನು ಎಲ್ಲವನ್ನೂ ಅಂಚು ಸರಿಮಾಡಿ ಅವಳ ಕೈಗೆ ಕೊಟ್ಟ. "ತಗೊಳ್ಳಿ ಮೇಡಂ. ಎಲ್ಲಿ ಸಹಿ ಹಾಕ್ಬೇಕು ತೋರಿಸಿ."

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬಾರದಿದ್ದ ಮಾತು ಅದು. ಅವಳು ಬೆರಳಿಟ್ಟು ಜಾಗ ತೋರಿಸಿದಳು. ಅವನು ಸಹಿ ಹಾಕಿದ. ಆಮೇಲೆ ಹೆಂಡತಿಯೊಂದಿಗೆ ಹೊಲಿಗೆ ಯಂತ್ರವನ್ನು ಎರಡು ಕಡೆ ಹಿಡಿದು, ಹತ್ತು ಹೆಜ್ಜೆಗೊಮ್ಮೆ ಕೆಳಗಿಟ್ಟು, ರಸ್ತೆಯ ತಿರುವಿನವರೆಗೆ ಹೋದ. ಅವಳು ಕೈ ಜೋಡಿಸಲೆಂದು ಮುಂದೆ ಹೋದಾಗ ಹೆಂಡತಿ ತಿರುಗಿ ನೋಡಿ, "ಸಮಿತಿಯವರಿಗೆ ಯಾಕೆ ತೊಂದರೆ" ಎಂದಳು. ಗಂಡ ಏನೂ ಹೇಳಿರಲಿಲ್ಲ. ಅವನ ಮುಖವನ್ನೇ ಆಕೆ ಓದಿಕೊಂಡಿದ್ದಳು.

ಬಯಲು ಉಳಿಯಿತು. ಎರಡು ತಿಂಗಳಿಗೆ ಘೋಷಣೆ ಹೊರಬಿತ್ತು. ನಕ್ಷೆಯ ಗೆರೆ ಒಂಬತ್ತಡಿ ಸರಿದು, ಅಧ್ಯಕ್ಷರ ಗೋಡೆ ಗೋಡೆಯಾಗಿಯೇ ನಿಂತಿತು. ಶೆಡ್ಡಿದ್ದ ಜಾಗದಲ್ಲಿ ಕಲ್ಲಿನ ಫಲಕ ನಿಲ್ಲಿಸಿದರು. ಬಯಲನ್ನು ಉಳಿಸಿದವರ ಪಟ್ಟಿಯಲ್ಲಿ ಅವಳ ಹೆಸರು ಎರಡನೆಯದು. ಯಂತ್ರದ ಮುಂದೆ ಕಾಲು ಚಾಚಿದವನ ಹೆಸರು ಹಾಕುವ ಮಾತನ್ನು ಡಾಕ್ಟರಮ್ಮ ಒಮ್ಮೆ ಎತ್ತಿದಳು. "ಒತ್ತುವರಿ ಮಾಡಿದವನ ಹೆಸರು ಹಾಕಿದ್ರೆ ಕಾನೂನಿಗೆ ತೊಡಕು" ಎಂದು ಅಧ್ಯಕ್ಷರು ಅಂದರು. ಎಲ್ಲರೂ ಕಾರ್ಯದರ್ಶಿಯ ಕಡೆ ನೋಡಿದರು. ಅವಳು ಬರೆದುಕೊಳ್ಳುವುದರಲ್ಲಿದ್ದಳು.

ತಮ್ಮನ ಮನೆಗೆ ಅವಳು ಮೂರು ಸಲ ಹೋದಳು. ಎರಡು ಸಲ ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ಬೀಗವಿತ್ತು. ಪಕ್ಕದ ಮನೆಯವರು ಖಾಲಿ ಮಾಡಿಕೊಂಡು ಹೋದರೆಂದು ಹೇಳಿದರು. ಏಳು ತಿಂಗಳಾದ ಮೇಲೆ ಛತ್ರಿಯವನೇ ಸುದ್ದಿ ತಂದ. ಊರ ಆಚೆ ಕಡೆಯ ದೊಡ್ಡ ಮಳಿಗೆಯ ನೆಲಮಾಳಿಗೆಯಲ್ಲಿ, ವಾಹನ ನಿಲ್ಲಿಸುವ ಕಡೆ, ಚೀಟಿ ಹರಿದು ಕೊಡುವ ಕೆಲಸದಲ್ಲಿದ್ದಾನಂತೆ.

ಒಂದು ಮಧ್ಯಾಹ್ನ ಎರಡು ಬಸ್ಸು ಹತ್ತಿ ಅವಳು ಅಲ್ಲಿಗೆ ಹೋದಳು. ಇಳಿಜಾರಿನಲ್ಲಿ ಗೋಡೆ ಹಿಡಿದು ಇಳಿದಳು. ಕೆಳಗೆ ಹೊಗೆ, ಪೆಟ್ರೋಲಿನ ವಾಸನೆ, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ಗಾಜಿನ ಗೂಡಿನಲ್ಲಿ ಅವನು ನೀಲಿ ಅಂಗಿ ಹಾಕಿ ಕೂತಿದ್ದ. ಕಾಲು ಚಾಚಲು ಒಳಗೆ ಜಾಗ ಸಾಲದೆ, ಅದು ಗೂಡಿನ ಬಾಗಿಲಿಂದ ಹೊರಗೆ ಬಂದಿತ್ತು. ಕಾರುಗಳು ಅದನ್ನು ತಪ್ಪಿಸಿಕೊಂಡು ಹೋಗುತ್ತಿದ್ದವು.

"ನಾನು ಕಣೋ" ಎಂದಳು.

ಅವನು ನೋಡಿದ.

"ಮನೆಗೆ ಬಾರೋ. ಆ ಕಾಗದ ಇನ್ನೂ ಇದೆ. ಕೋರ್ಟಿಗೆ ಹಾಕೋಣ, ನಾನೇ ಟೈಪ್ ಮಾಡಿ ಕೊಡ್ತೀನಿ. ನಾನು ಹೇಳಿದ್ದು ಸುಳ್ಳು ಅಂತ ಬರೆದು ಕೊಡ್ತೀನಿ. ಹೆತ್ತವಳ ಹಾಗೆ ಸಾಕಿದೀನಿ ನಿನ್ನ, ಒಂದು ಮಾತಾದ್ರೂ ಬೈಯೋ."

ಹಿಂದೆ ಒಂದು ಕಾರು ಹಾರ್ನು ಹೊಡೆಯಿತು. ಅವನು ಅವಳ ಭುಜದಾಚೆ ಕೈ ಚಾಚಿ ಚಾಲಕನಿಗೆ ಚೀಟಿ ಕೊಟ್ಟ. ಕಾರು ಮುಂದೆ ಹೋದ ಮೇಲೆ, ದಿನಕ್ಕೆ ನೂರು ಜನಕ್ಕೆ ಹೇಳುವ ದನಿಯಲ್ಲಿ, ಸಿಟ್ಟೂ ಇಲ್ಲದೆ ನೋವೂ ಇಲ್ಲದೆ ಹೇಳಿದ:

"ಗಾಡಿ ಇಲ್ಲದವರು ಇಲ್ಲಿ ನಿಲ್ಲೋ ಹಾಗಿಲ್ಲ ಮೇಡಂ. ಪಕ್ಕಕ್ಕೆ ಬನ್ನಿ, ಏಟು ಬೀಳುತ್ತೆ."

ಅವಳು ಪಕ್ಕಕ್ಕೆ ಬಂದಳು. ಆರೇಳು ಕಾರು ಬಂದವು. ಅವನು ಮತ್ತೆ ಈ ಕಡೆ ತಿರುಗಲಿಲ್ಲ. ಎದುರಿಂದ ಬರುವ ದೀಪಗಳಿಗೆ ಕೈ ಅಡ್ಡ ಹಿಡಿದು ಇಳಿಜಾರು ಹತ್ತಿ ಹೊರಗೆ ಬಂದಳು. ಮನೆ ಮುಟ್ಟಿದ ಮೇಲೆ ಊಟ ಮಾಡಲಿಲ್ಲ. ತಾಯಿಯ ಪೆಟ್ಟಿಗೆ ತೆಗೆದು ಮೇಷ್ಟ್ರ ಕಾಗದವನ್ನು ತಳಕ್ಕೆ ಹಾಕಿ ಮುಚ್ಚಿದಳು.

ಮಾರನೆಯ ದಿನ ಸಂಜೆ ಸಭೆಯಿತ್ತು. ಬಯಲಿನ ಬೇಲಿಗೆ ಬಟ್ಟೆ ಒಣಹಾಕುವ ಒಬ್ಬ ಮುದುಕಿಯ ವಿಷಯ. ಅಧ್ಯಕ್ಷರು ಎದ್ದು ಕುರ್ಚಿ ಎಳೆದು ಕೊಟ್ಟರು. ಅವಳು ಕೂತಳು, ಕನ್ನಡಕ ಒರೆಸಿ ಹಾಕಿಕೊಂಡು, ನೋಟೀಸಿನ ಒಕ್ಕಣೆ ಹೇಗಿರಬೇಕೆಂದು ಕೇಳಿದಳು.