ಹಾಲಿನ ದುಡ್ಡಿನ ಕಾಗದ

ಮೂಡಲಪಾಳ್ಯದ ಹಳೇ ಊರಿನ ಬೀದಿಯಲ್ಲಿ ಈಗ ಉಳಿದಿರುವುದು ಒಂದೇ ಕೊಟ್ಟಿಗೆ, ಅದು ಚಿಕ್ಕಲಕ್ಷ್ಮಮ್ಮನದು. ಸುತ್ತ ಮೂರು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ. ಅವುಗಳಲ್ಲಿ ನಾಲ್ಕು ಆ ಮನೆಯವರದೇ. ಬಾಡಿಗೆಯವರು ಸಗಣಿ ವಾಸನೆ ಅಂತ ಮೂಗು ಮುಚ್ಚಿಕೊಳ್ಳುತ್ತಾರೆ, ಬೆಳಿಗ್ಗೆ ಆದರೆ ಅವರೇ ಪಾತ್ರೆ ಹಿಡಿದು ಹಾಲಿಗೆ ನಿಲ್ಲುತ್ತಾರೆ. ನಾನೂ ಇಪ್ಪತ್ತಾರು ವರ್ಷದಿಂದ ಅವಳ ಕೊಟ್ಟಿಗೆಯ ಹಾಲಿನ ಕಾಫಿ ಕುಡಿದವಳು. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದೆ. ಬೀದಿಗೆಲ್ಲ ನಾನು ಟೀಚರ್. ನನ್ನ ನಿಜವಾದ ಹೆಸರು ಗ್ಯಾಸ್ ತರುವವನಿಗೆ ಮಾತ್ರ ಗೊತ್ತು.

ಹಳೇ ಒಕ್ಕಲು ಮನೆಗಳಲ್ಲಿ ಒಂದು ರೂಢಿಯಿದೆ. ರಾಗಿ ಮಾರಿದ ದುಡ್ಡು, ಸೈಟು ಮಾರಿದ ದುಡ್ಡು, ಬಾಡಿಗೆ ದುಡ್ಡು ಎಲ್ಲ ಗಂಡಸಿನದು. ಹಾಲಿನ ದುಡ್ಡು ಮಾತ್ರ ಹೆಂಗಸಿನದು, ಅದಕ್ಕೆ ಲೆಕ್ಕ ಕೇಳುವ ಹಾಗಿಲ್ಲ. ಚಿಕ್ಕಲಕ್ಷ್ಮಮ್ಮನ ಗಂಡ ನಾಗರಾಜು ಜೋರಿನ ಮನುಷ್ಯ. ಮನೆಗೆ ಬರುವ ಪ್ರತಿ ಪತ್ರ, ಪ್ರತಿ ಪೊಟ್ಟಣ ಅವರ ಕೈಯಲ್ಲೇ ಒಡೆಯಬೇಕು. ಅಂಥವರೂ ಹಾಲಿನ ದುಡ್ಡಿನ ತಂಟೆಗೆ ಹೋದವರಲ್ಲ. ಹೋಗದೇ ಇದ್ದದ್ದರಿಂದ ನಾನು ಹೇಳಹೊರಟ ಸಂಗತಿ ಆರು ವರ್ಷ ಯಾರಿಗೂ ತಿಳಿಯದೆ ನಡೆಯಿತು.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಮೋಹನ್ ಕುಮಾರ್, ಪೀಣ್ಯದಲ್ಲಿ ಕೆಲಸ, ಅಪ್ಪ ಅಮ್ಮನ ಜೊತೆಯಲ್ಲೇ ಇದ್ದಾನೆ. ಚಿಕ್ಕವಳು ಲತಾ, ನನ್ನ ಶಿಷ್ಯೆ. ಆರು ವರ್ಷದ ಹಿಂದೆ ಅವಳು ಬಾಳೇಶ ಅನ್ನುವ ಹುಡುಗನ ಜೊತೆ ರಿಜಿಸ್ಟರ್ ಮದುವೆಯಾದಳು. ಬಾಳೇಶ ಬೆಳಗಾವಿ ಕಡೆಯವನು, ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸ, ಇದ್ದದ್ದು ನಾಗರಾಜು ಅವರದೇ ಬಾಡಿಗೆ ಮನೆಯಲ್ಲಿ. ಜಾತಿ ಬೇರೆ, ಸೀಮೆ ಬೇರೆ, ಎಲ್ಲಕ್ಕಿಂತ ಮೇಲಾಗಿ ಬಾಡಿಗೆಯವನು. ನಾಗರಾಜು, ನನಗೆ ಮಗಳೇ ಇಲ್ಲ ಅಂದುಬಿಟ್ಟರು. ಗೋಡೆ ಮೇಲಿದ್ದ ಫೋಟೋ ಇಳಿಯಿತು. ಆ ಮನೆಯಲ್ಲಿ ಅವಳ ಹೆಸರೆತ್ತುವುದು ನಿಂತಿತು. ಲತಾ, ಬಾಳೇಶ ಉಲ್ಲಾಳದಲ್ಲಿ ಮನೆ ಮಾಡಿದರು. ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಟ್ರಾಫಿಕ್ ಇದ್ದರೆ ಮುಕ್ಕಾಲು. ಆ ಮನುಷ್ಯ ಆರು ವರ್ಷದಲ್ಲಿ ಒಂದು ಸಲವೂ ಆ ಬಸ್ಸು ಹತ್ತಲಿಲ್ಲ. ನನಗೆ ಅವರ ಮೇಲೆ ತುಂಬ ಸಿಟ್ಟಿತ್ತು.

ಲತಾ ಹೋಗಿ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚಿಕ್ಕಲಕ್ಷ್ಮಮ್ಮ ನನ್ನ ಮನೆಗೆ ಬಂದು, ತನಗೊಂದು ಬ್ಯಾಂಕಿನ ಖಾತೆ ಬೇಕು ಅಂದಳು. ಸರ್ಕಲ್ಲಿನ ಸರ್ಕಾರಿ ಬ್ಯಾಂಕು ಬೇಡ, ಅಲ್ಲಿ ಕೂತವರು ನಿಂತವರು ಎಲ್ಲ ನೆಂಟರು. ನಾನು ಅವಳನ್ನು ದೂರದ ಒಂದು ಪ್ರೈವೇಟ್ ಬ್ಯಾಂಕಿಗೆ ಕರೆದುಕೊಂಡು ಹೋದೆ. ಅಲ್ಲಿ ಪಾಸ್‌ಬುಕ್ ಇಲ್ಲ, ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಸ್ಟೇಟ್‌ಮೆಂಟ್ ಬರುತ್ತದೆ. ಪತ್ರದ ವಿಳಾಸಕ್ಕೆ ನನ್ನ ಮನೆಯದನ್ನೇ ಬರೆದೆ. ಫಾರಂ ತುಂಬುವಾಗ ಹುಟ್ಟಿದ ತಾರೀಖಿನ ಹತ್ತಿರ ಬಂದು ಸಿಕ್ಕಿಕೊಂಡೆವು. ಅವಳ ಆಧಾರಿನಲ್ಲಿ ಬರೀ ವರ್ಷ ಇತ್ತು.

"ನಂದು ಯಾರು ಬರೆದಿಟ್ಟವ್ರೆ ಟೀಚರ್? ರಾಗಿ ಕುಯ್ಲಲ್ಲಿ ಹುಟ್ದೆ ಅಂತಿದ್ಲು ನಮ್ಮವ್ವ."

"ರಾಗಿ ಕುಯ್ಲು ಅಂತ ಬರೆದ್ರೆ ಬ್ಯಾಂಕಿನವರು ಒಪ್ಪಲ್ಲ ಕಣಮ್ಮ. ಯಾವ್ದಾದ್ರೂ ತಾರೀಖು ಹೇಳು."

"ಹಂಗಾದ್ರೆ ಲತಂದು ಹಾಕಿ. ಏಪ್ರಿಲ್ ಹದಿನೇಳು." ನಾನು ಪೆನ್ನು ಎತ್ತಿ ಅವಳ ಮುಖ ನೋಡಿದೆ. "ಮೋಹನಂದು ಮನೇಲಿ ಕೇಕ್ ತಂದು ಮಾಡ್ತಾರೆ. ಇವಳ್ದು ಇಲ್ಲಾದ್ರೂ ಇರ್ಲಿ" ಅಂದಳು.

ಅವತ್ತಿನಿಂದ ಪ್ರತಿ ತಿಂಗಳು ಐದನೇ ತಾರೀಖು ಹಾಲಿನ ದುಡ್ಡಿನಿಂದ ಎರಡು ಸಾವಿರ ಲತಾ ಖಾತೆಗೆ ತಾನಾಗಿ ಹೋಗುವ ಹಾಗೆ ಬರೆದುಕೊಟ್ಟೆವು. ಲತಾ ಮೊದಲು ಬೇಡ ಅಂದಳು, ಬಾಳೇಶನಿಗೂ ಸ್ವಾಭಿಮಾನ ಅಡ್ಡ ಬಂತು. ನಿಮ್ಮ ಹೊಟ್ಟೆಗೆ ಅಲ್ಲ ಕಣೇ, ನನ್ನ ಸಮಾಧಾನಕ್ಕೆ ಅಂತ ತಾಯಿ ಹೇಳಿದ ಮೇಲೆ ಇಬ್ಬರೂ ಸುಮ್ಮನಾದರು. ಅಂಚೆಯಣ್ಣ ಸ್ಟೇಟ್‌ಮೆಂಟ್ ತಂದ ದಿನ ಚಿಕ್ಕಲಕ್ಷ್ಮಮ್ಮ ಕೈಕಾಲು ತೊಳೆದು ಬಂದು ನನ್ನ ಪಕ್ಕ ಕೂರುತ್ತಿದ್ದಳು. ನಾನು ಇಂಗ್ಲಿಷಿನಲ್ಲಿದ್ದ ಸಾಲುಗಳನ್ನು ಓದಿ ಹೇಳುತ್ತಿದ್ದೆ. ಲತಾ ಹೆಸರಿನ ಸಾಲು ಬಂದಾಗ, "ಎಲ್ಲಿ, ಯಾವ್ದು?" ಅಂತ ಕೇಳಿ ಅದರ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. ಆಮೇಲೆ ಕಾಗದ ನನ್ನ ಬೀರುವಿಗೆ ಸೇರುತ್ತಿತ್ತು. ಮೂರು ತಿಂಗಳಿಗೊಮ್ಮೆ ಹೀಗೆ ಕೂರುವುದರಲ್ಲಿ ಅವಳಿಗೆ ಏನೋ ಒಂದು ನೆಮ್ಮದಿ ಇತ್ತು.

ಈ ಜುಲೈನಲ್ಲಿ ಬ್ಯಾಂಕಿನಿಂದ ಬೇರೆ ಥರದ ಪತ್ರ ಬಂತು. ಇನ್ನು ಮುಂದೆ ಕಾಗದದ ಸ್ಟೇಟ್‌ಮೆಂಟ್ ಇಲ್ಲ, ಎಲ್ಲ ಆನ್‌ಲೈನ್, ಪರಿಸರ ಉಳಿಸಲು ಸಹಕರಿಸಿ ಅಂತ. ಅದೇ ಲಕೋಟೆಯಲ್ಲಿ ಚಿನ್ನದ ಸಾಲಕ್ಕೆ ಒಂದು, ಕಾರಿನ ಸಾಲಕ್ಕೆ ಒಂದು, ನುಣುಪಾದ ಬಣ್ಣದ ಹಾಳೆಗಳೂ ಇದ್ದವು. ಅದಕ್ಕೆ ಮರ ಕಡಿಯಲ್ಲವೇನೋ! ನನಗೆ ಮೈ ಉರಿಯಿತು. ಮೊಬೈಲ್ ನಂಬರು ಕೊಡಲು ಶಾಖೆಗೆ ಬನ್ನಿ ಅಂತ ಕೊನೆಯಲ್ಲಿ ಬರೆದಿತ್ತು. ನನ್ನದೇ ನಂಬರು ಕೊಡೋಣ ಅಂತ ಮಾತಾಡಿಕೊಂಡೆವು. ಅಷ್ಟರಲ್ಲಿ ನನಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಮನೆಯಲ್ಲೇ ಕೂರಬೇಕಾಯಿತು. ಸೆಪ್ಟೆಂಬರ್ ಕೊನೆಯಲ್ಲಿ ಅವಳು ಒಬ್ಬಳೇ ಹೋದಳು.

ಹೋಗಿ ಬಂದವಳು ನನ್ನ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೌಂಟರಿನ ಹುಡುಗಿ ನಂಬರು ಹೇಳಿ ಆಂಟಿ ಅಂದಳಂತೆ. ಹಿಂದೆ ಕ್ಯೂ ಬೆಳೆದಿತ್ತಂತೆ. ಇವಳ ಬಾಯಿಂದ ಗಂಡನ ನಂಬರು ಬಂದುಬಿಟ್ಟಿತ್ತು.

"ಅಲ್ಲಮ್ಮಾ, ನನ್ನ ನಂಬರನ್ನ ಚೀಟೀಲಿ ಬರೆದುಕೊಟ್ಟಿದ್ದೆ!"

"ಚೀಟಿ ಕುಪ್ಪಸದಲ್ಲೇ ಐತೆ ಟೀಚರ್. ಗ್ಯಾಸಿಗೆ ಅವರ ನಂಬರೇ, ರೇಷನ್ನಿಗೆ ಅವರ ನಂಬರೇ, ಆಸ್ಪತ್ರೇಲೂ ಅದೇ. ಯಾರೇ ನಂಬರ್ ಅಂದ್ರೂ ನನ್ ಬಾಯಿಗೆ ಬರೋದು ಅದೊಂದೇ."

ಬೈಯಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಬೀದಿಯ ಯಾವ ಹೆಂಗಸಾದರೂ ಹಾಗೇ ಮಾಡುತ್ತಿದ್ದಳು. ಮಾರನೇ ದಿನ ಕಪ್ಪು ಕನ್ನಡಕ ಹಾಕಿಕೊಂಡು ನಾನೇ ಜೊತೆಗೆ ಹೋದೆ. ನಂಬರು ಬದಲಾಯಿಸಬೇಕಾದರೆ ಹಳೇ ನಂಬರಿಗೆ ಒಂದು ಓಟಿಪಿ ಹೋಗುತ್ತದೆ, ಅದನ್ನು ಹೇಳಬೇಕು ಅಂದಳು ಆ ಹುಡುಗಿ. ಅದು ಬೇಡ ಅಂದರೆ ಅರ್ಜಿ ಕೊಡಿ, ಹತ್ತು ದಿನ ಆಗುತ್ತದೆ. ಪಾಪ, ಅವಳು ಮರ್ಯಾದೆಯಿಂದಲೇ ಹೇಳಿದಳು. ನಾವು ಅರ್ಜಿ ಕೊಟ್ಟು ಬಂದೆವು. ಆ ಹತ್ತು ದಿನದೊಳಗೆ ಸ್ಟೇಟ್‌ಮೆಂಟ್ ಬರದಿರಲಿ ಅಂತ ಚಿಕ್ಕಲಕ್ಷ್ಮಮ್ಮ ಊರ ಮಾರಮ್ಮನಿಗೆ ಹರಕೆ ಹೊತ್ತಳು.

ಆರನೇ ದಿನವೇ ಬಂತು.

ಬೆಳಿಗ್ಗೆ ಹತ್ತು ಗಂಟೆ ಇರಬೇಕು. ನಾಗರಾಜು ಮೊಬೈಲನ್ನು ಅಂಗೈ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು, ಹಾವಿನ ಮರಿ ತಂದವರ ಹಾಗೆ ನನ್ನ ವರಾಂಡಕ್ಕೆ ಬಂದರು. ಹಿಂದೆಯೇ ಚಿಕ್ಕಲಕ್ಷ್ಮಮ್ಮ.

"ಟೀಚರ್, ಇದನ್ನ ಸ್ವಲ್ಪ ನೋಡಿ. ಇವಳ ಹೆಸರು ಹಾಕಿ ಯಾವ್ದೋ ಬ್ಯಾಂಕಿನವರು ನಂಗೆ ಕಳ್ಸವ್ರೆ. ಬ್ಯಾಡರಹಳ್ಳಿ ಬಸವಲಿಂಗಪ್ಪಂಗೂ ಹಿಂಗೇ ಒಂದು ಬಂದಿತ್ತು. ಒತ್ತಿದ, ಎಂಬತ್ತು ಸಾವಿರ ಹೋಯ್ತು. ಇವಳನ್ನ ಕೇಳಿದ್ರೆ ಹಾಲಿನ ದುಡ್ಡು ಅಲ್ಲೇ ಇಟ್ಟಿದೀನಿ ಅಂತಾಳೆ. ಅದನ್ನ ಯಾರಾದ್ರೂ ನುಂಗಿದ್ರೆ? ಮೋಹನಂಗೆ ತೋರಿಸಿದ್ರೆ ಇವಳ ಹೆಸರು ಓದಿ, ಉಳಿದಿದ್ದು ಸಂಜೆ ನೋಡ್ತೀನಿ ಅಂತ ಡ್ಯೂಟಿಗೆ ಹೋದ."

ನನಗೆ ಅಲ್ಲೇ ಒಂದು ಪೆಟ್ಟು ಬಿತ್ತು. ಅವರು ಲೆಕ್ಕ ಕೇಳಲು ಬಂದಿರಲಿಲ್ಲ, ಹೆಂಡತಿಯ ದುಡ್ಡು ಕಾಯಲು ಬಂದಿದ್ದರು. ಸಿಟ್ಟಿನಿಂದ ಬಂದಿದ್ದರೆ ಎದುರಿಸುವುದು ಸುಲಭವಾಗಿತ್ತು.

ಫೈಲು ಒತ್ತಿದೆ. ಬೀಗ ಹಾಕಿತ್ತು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ತಾರೀಖು, ತಿಂಗಳು ಹಾಕಬೇಕು ಅಂತ ಬರೆದಿತ್ತು. ಓದಿ ಹೇಳಿದೆ. ನಾನೇ ತುಂಬಿದ ಫಾರಂ, ನನಗೆ ಗೊತ್ತಿಲ್ಲವೇ? ಆದರೂ ಜನವರಿ ಒಂದು ಹಾಕಿದೆ, ಆಗಲಿಲ್ಲ. ಜೂನ್ ಒಂದು ಹಾಕಿದೆ, ಆಗಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದವಳು ನಾನು.

ನಾಗರಾಜು ಹೆಂಡತಿ ಕಡೆ ತಿರುಗಿದರು. "ನೀನು ಹುಟ್ಟಿದ್ದು ಯಾವತ್ತೇ?"

ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಕೇಳಿದ ಪ್ರಶ್ನೆ. ಅವಳು ಸೆರಗಿನ ತುದಿ ತಿರುಚುತ್ತಾ, "ನಂಗೇನು ಗೊತ್ತು" ಅಂದಳು.

"ಹಂಗಾದ್ರೆ ಇದು ಕಳ್ಳರದೇ. ಇವತ್ತೇ ನಡಿ, ಆ ಅಕೌಂಟ್ ಕ್ಲೋಸ್ ಮಾಡ್ಸಿ ದುಡ್ಡೆಲ್ಲ ನಮ್ಮ ಸರ್ಕಲ್ ಬ್ಯಾಂಕಿಗೆ ಹಾಕ್ಸೋಣ. ಅಲ್ಲಿ ನಮ್ಮವರು ಅವ್ರೆ, ನೋಡ್ಕೋತಾರೆ."

ಖಾತೆ ಮುಚ್ಚಿದರೆ ಐದನೇ ತಾರೀಖಿನ ದುಡ್ಡು ನಿಂತ ಹಾಗೇ. ತವರಿನಿಂದ ಲತಾಗೆ ಹೋಗುತ್ತಿದ್ದದ್ದು ಅದೊಂದೇ. ಸರ್ಕಲ್ ಬ್ಯಾಂಕಿನಲ್ಲಿ ನೆಂಟರ ಕಣ್ಣು ತಪ್ಪಿಸಿ ಮತ್ತೆ ಶುರು ಮಾಡುವುದು ಆಗದ ಮಾತು. ಅವಳಿಗೂ ಇದೆಲ್ಲ ಒಟ್ಟಿಗೆ ಹೊಳೆದಿರಬೇಕು. ಸೆರಗು ಬಿಟ್ಟಳು.

"ಕಳ್ಳರದ್ದಲ್ಲ. ಟೀಚರ್, ಏಪ್ರಿಲ್ ಹದಿನೇಳು ಹಾಕಿ."

ನಾಗರಾಜು ಅವಳನ್ನೇ ನೋಡಿದರು. "ಅದು ನಿಂದಲ್ಲ" ಅಂದರು, ಮೆಲ್ಲಗೆ.

"ನಂದಲ್ಲ. ಯಾರ್ದು ಅಂತ ನಿಮಗೂ ಗೊತ್ತು."

ಹಾಕಿದೆ. ಬೀಗ ತೆರೆಯಿತು. "ಓದಿ ಟೀಚರ್, ಒಂದೂ ಬಿಡಬೇಡಿ" ಅಂದಳು. ಓದಿದೆ. ಹಾಲಿನ ದುಡ್ಡು ಕಟ್ಟಿದ್ದು. ಜುಲೈ ಐದು, ಲತಾಗೆ ಎರಡು ಸಾವಿರ. ಆಗಸ್ಟ್ ಐದು, ಲತಾಗೆ ಎರಡು ಸಾವಿರ. ನಾಗರಾಜು ಕುರ್ಚಿಯ ಕೈ ಹಿಡಿದುಕೊಂಡರು.

"ಯಾವಾಗಿಂದ?"

"ಅವಳು ಹೋದ ಮುಂದಿನ ತಿಂಗಳಿಂದ."

"ಆರು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ಯಲ್ಲೇ!" ದನಿ ಬೀದಿಗೆ ಕೇಳುವಷ್ಟು ಏರಿತು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಸೇರ್ಕೊಂಡ್ರಾ ಟೀಚರ್?" ಅಂದರು.

"ಸೇರ್ಕೊಂಡೆ. ಕಾಗದಗಳೆಲ್ಲ ನನ್ನ ಬೀರುವಲ್ಲೇ ಇವೆ, ಬೇಕಾದ್ರೆ ತಂದುಕೊಡ್ತೀನಿ" ಅಂದೆ. ಹೆದರಿಕೆಯಾಗಿತ್ತು, ಆದರೂ ಹೇಳಿದೆ.

ಅವರು ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. "ಮುಂದೆ ಓದಿ" ಅಂದರು. ಓದಿದೆ. ಆಗಸ್ಟ್ ಇಪ್ಪತ್ತು, ಲತಾಗೆ ಹದಿನೈದು ಸಾವಿರ.

"ಅದ್ಯಾಕೆ ಅಷ್ಟೊಂದು? ಆ ಹುಡುಗ ದುಡಿಯಲ್ವಾ?"

"ದುಡೀತಾನೆ. ನಮ್ಮ ಕೈ ಕಾಯೋನಲ್ಲ ಅವನು." ಚಿಕ್ಕಲಕ್ಷ್ಮಮ್ಮ ನೆಲದ ಮೇಲೆ ಕೂತಳು. ಅಷ್ಟು ಹೊತ್ತು ತಡೆದಿದ್ದು ಈಗ ಬಂತು, ಅಳುತ್ತಲೇ ಮಾತಾಡಿದಳು. "ಹೆರಿಗೆ ಆಯ್ತು. ಹೆಣ್ಣು ಮಗು. ಚೊಚ್ಚಲು ಬಾಣಂತನ ತವರುಮನೇದು ಅಲ್ವಾ? ನಿಮ್ಮಕ್ಕಂದು ನಮ್ಮ ಕೊಟ್ಟಿಗೆ ಪಕ್ಕದ ರೂಮಲ್ಲಿ ಮಾಡಿದ್ದು ನಾನೇ, ನಿಮ್ಮ ತಂಗೀದೂ ನಾನೇ. ಎಣ್ಣೆ ನೀರು ಹಾಕಿದೀನಿ, ಸಾಂಬ್ರಾಣಿ ಹೊಗೆ ಹಾಕಿದೀನಿ, ಐದೈದು ತಿಂಗಳು ಕೈ ತುತ್ತು ಹಾಕಿದೀನಿ. ನನ್ನ ಹೊಟ್ಟೇಲಿ ಹುಟ್ಟಿದವಳಿಗೆ ಬ್ಯಾಂಕಿಂದ ದುಡ್ಡು ಕಳಿಸ್ದೆ. ಇದೇನಾ ಬಾಣಂತನ? ಹೇಳಿ, ಇದೇನಾ?"

ನನ್ನ ಕಣ್ಣಿಗೆ ನೀರು ತಾಕಬಾರದು ಅಂತ ಡಾಕ್ಟರು ಹೇಳಿದ್ದರು. ಏನು ಮಾಡಲಿ.

ನಾಗರಾಜು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸುಮ್ಮನೆ ಆ ಸಾಲುಗಳನ್ನು ನೋಡುತ್ತಾ ಕೂತರು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನನ್ನನ್ನೂ ನೋಡದೆ ಹೆಂಡತಿಯನ್ನೂ ನೋಡದೆ ಕೇಳಿದರು.

"ಆಗಸ್ಟಿಂದ ಅಂದ್ರೆ, ಇನ್ನೂ ಎರಡೇ ತಿಂಗಳು ಅಲ್ವಾ ಟೀಚರ್?"

"ಹೂಂ. ಇನ್ನೂ ಎರಡು ತುಂಬಿಲ್ಲ."

ಅವರು ಎದ್ದು ಪಂಚೆ ಸರಿಮಾಡಿಕೊಂಡರು. "ಕೊಟ್ಟಿಗೆ ಪಕ್ಕದ ರೂಮಲ್ಲಿ ಹಿಂಡಿ ಮೂಟೆ ತುಂಬಿದೆ. ಎತ್ತಿಸ್ತೀನಿ."

ಚಿಕ್ಕಲಕ್ಷ್ಮಮ್ಮ ಮೂಗು ಒರೆಸಿಕೊಂಡಳು. ಅವಳಿಗೆ ಅಷ್ಟು ಸುಲಭವಾಗಿ ಸಮಾಧಾನ ಆಗಿರಲಿಲ್ಲ. ಆಗಬೇಕಾದ್ದೂ ಇಲ್ಲ. "ನೀವು ರೂಮು ಖಾಲಿ ಮಾಡ್ಸಿದ ತಕ್ಷಣ ಅವಳು ಓಡಿ ಬರ್ತಾಳೆ ಅಂತ ಯಾರು ಹೇಳಿದ್ರು? ಆರು ವರ್ಷ ಆಗೋಯ್ತು. ಬರಲ್ಲ ಅಂದ್ರೆ?"

ನಾಗರಾಜು ಮೆಟ್ಟಿಲು ಇಳಿಯುತ್ತಿದ್ದರು. ಕೊನೆಯ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಹುಡುಕುತ್ತಾ ಹೇಳಿದರು.

"ಬರಲ್ಲ ಅಂದ್ರೆ ನೀನು ಹೋಗಿ ಅಲ್ಲೇ ಇರು. ಐದು ತಿಂಗಳಾಗ್ಲಿ, ಆರು ತಿಂಗಳಾಗ್ಲಿ. ಹಾಲು ನಾನು ಕರ್ಕೋತೀನಿ."