ಕೂಸಿನ ಹೊಗೆ ಎಮ್ಮೆಗೆ ಹೋಯಿತು

ಗೆಳತಿಯರೇ, ಎದುರುಮನೆಯವರ ಫೋನಿನಿಂದ ಇದನ್ನು ಕಳಿಸುತ್ತಿದ್ದೇನೆ. ಮೂರು ರಾತ್ರಿ ನಿದ್ದೆಗೆಟ್ಟು ಮಲಗಿದ್ದವಳಿಗೆ ಇವತ್ತು ಸಂಜೆ ಐದಕ್ಕೆ ಕೂಸಿನ ಎದೆಯ ಸುಯ್ ಸುಯ್ ಸದ್ದಿಗೆ ಎಚ್ಚರವಾಯಿತು. ಅತ್ತೆ ಎಂದಿನಂತೆ ಕೆಂಡಕ್ಕೆ ಲೋಬಾನ ಹಾಕಿ ತೊಟ್ಟಿಲಿಗೆ ಹೊಗೆ ಹಿಡಿದಿದ್ದರು.

“ಬ್ಯಾಡ್ರೀ ಅತ್ತಿ. ಹೊಗಿಯೊಳಗಿನ ಸಣ್ಣ ಕಣ ಎದಿಗಿಳೀತಾವ. ಮೈ ಕಾಯೋ ಬಿಳಿ ರಕ್ತಕಣ ಅವನ್ನ ನುಂಗಿ, ಅರಗಿಸ್ಕೊಳ್ಳಾಕ ಆಗದ ಕೆರಳತಾವ. ಆ ಉರಿ ರಕ್ತನಾಳಕ್ಕೂ ಮುಟ್ಟತದ ಅಂತ ರಾಯಚೂರು ಡಾಕ್ಟರಮ್ಮ ಹೇಳ್ಯಾರ,” ಎಂದೆ.

“ಐದು ಮಕ್ಕಳನ್ನ ಇದರಾಗೇ ಬೆಳಿಸೀನಿ ಬೇ,” ಎಂದರು. ಆದರೂ ಕೂಸಿನ ಎದೆಗೆ ಕಿವಿಯಿಟ್ಟು ಕೇಳಿ, ಕೆಂಡವನ್ನು ಎಮ್ಮೆಯ ಕೊಟ್ಟಿಗೆಗೆ ಒಯ್ದರು. ಕೂಸು ಈಗ ಹಗುರಾಗಿ ಉಸಿರಾಡುತ್ತಿದೆ. ಅವರ ಕಾಲಿಗೆ ಬೀಳಬೇಕೆನಿಸಿತು.

ಅಷ್ಟರಲ್ಲಿ ಅವರೇ ಕೇಳಿದರು: “ಎಮ್ಮಿ ಮೈಯಾಗ ಆ ಬಿಳಿ ಕಣ ಇರಂಗಿಲ್ಲೇನು?”

ಇರುತ್ತವೆ ಎಂದರೆ ಕೆಂಡ ಒಳಗೆ ಬಂದೀತು, ಇಲ್ಲವೆಂದರೆ ನನ್ನ ಬಿಎಸ್ಸಿ ಸುಳ್ಳಾದೀತು. ಬೆಳಿಗ್ಗೆ ಹಾಲು ಕರೆಯುವುದರೊಳಗೆ ಯಾರಾದರೂ ಎದುರುಮನೆಗೆ ಫೋನ್ ಮಾಡಿ ಉತ್ತರ ಹೇಳಿ, ದಯವಿಟ್ಟು.